ಶರಣರು ನಡೆದ ನೆಲ, ಸಾಹಿತಿ ಕಂಡ ನೆಲ

ಶರಣರ ಚರಿತ್ರೆಯನ್ನು ನಾವು ವಚನಗಳಿಂದಲೂ ಕಾವ್ಯಪುರಾಣಗಳಿಂದಲೂ ಅರಿಯುತ್ತೇವೆ. ಅವರು ಹುಟ್ಟಿ ನಡೆದಾಡಿದ ನೆಲವೂ ಓದಬೇಕಾದ ಒಂದು ಗ್ರಂಥವೆಂಬುದನ್ನು ಮರೆಯುತ್ತೇವೆ. ಆ ನೆಲ ಸಾಹಿತಿಯೊಬ್ಬನಿಗೆ ಏನನ್ನು ನೀಡಬಲ್ಲುದೆಂಬುದಕ್ಕೆ ಡಾ. ಎಚ್. ತಿಪ್ಪೇರುದ್ರಸ್ವಾಮಿಯವರ ಕೃತಿಗಳು ಉತ್ತಮ ನಿದರ್ಶನ.

1928ರಲ್ಲಿ ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಜನಿಸಿದ ಅವರು ಶರಣರ ಅನುಭಾವ ಸಾಹಿತ್ಯವನ್ನು ಆಳವಾಗಿ ಸಂಶೋಧಿಸಿದ ವಿದ್ವಾಂಸರು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಲಭಿಸಿತು. ಅಕ್ಕಮಹಾದೇವಿಯ ಜೀವನವನ್ನು ಕುರಿತ ‘ಕದಳಿಯ ಕರ್ಪೂರ’ ಅವರ ಜನಪ್ರಿಯ ಕಾದಂಬರಿ. ಅಕ್ಕನ ಹುಟ್ಟೂರಾದ ಉಡುತಡಿಯಿರುವ ಶಿಕಾರಿಪುರ ತಾಲ್ಲೂಕು ಹೊನ್ನಾಳಿಗೆ ನೆರೆಯ ಸೀಮೆ. ಅಲ್ಲಮಪ್ರಭುಗಳ ಊರೆಂದು ಪರಂಪರೆ ಹೇಳುವ ಬಳ್ಳಿಗಾವೆಯೂ ಅಲ್ಲಿಯೇ ಇದೆ.

ಈ ಸೀಮೆ ಮಲೆನಾಡು ಬಯಲಿಗಿಳಿಯುವ ಅಂಚು. ಭತ್ತದ ಗದ್ದೆ, ಅಡಕೆಯ ತೋಟ, ಕೆರೆ, ಕುರುಚಲು ಕಾಡು ಇಲ್ಲಿ ಒತ್ತೊತ್ತಾಗಿವೆ. ಇಂದು ಹಳ್ಳಿಯಾಗಿರುವ ಬಳ್ಳಿಗಾವೆ ಅಂದು ಬನವಾಸಿ ಪನ್ನಿರ್ಛಾಸಿರದ ರಾಜಧಾನಿ. ಅಲ್ಲಿಯ ಕೋಡಿಯ ಮಠವು ಕಾಳಾಮುಖ ಶೈವರ ವಿದ್ಯಾಕೇಂದ್ರವಾಗಿತ್ತು. ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಅಧ್ಯಯನವು ಅಲ್ಲಿ ನಡೆಯುತ್ತಿತ್ತೆಂದೂ ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತೆಂದೂ 1162ರ ಶಾಸನ ವರ್ಣಿಸುತ್ತದೆ. ಅದು ಕಲ್ಯಾಣದಿಂದ ಆಳಿದ ಬಿಜ್ಜಳನ ಕಾಲ. ಬಸವಣ್ಣನವರ ಕಾಲವೂ ಅದೇ.

ಶಾಸನವು ದಾನ, ದೊರೆ, ತಿಥಿಗಳನ್ನು ಹೇಳುತ್ತದೆ; ತವರು ತೊರೆದು ಹೊರಟ ತರುಣಿಯೊಬ್ಬಳ ಒಳಗುದಿಯನ್ನು ಹೇಳದು. ವಚನವು ಆ ಒಳಗುದಿಯನ್ನು ಹೇಳುತ್ತದೆ. ಆಕೆ ನಡೆದ ದಾರಿಯನ್ನು ವಿವರಿಸದು. ಹರಿಹರನ ರಗಳೆ ಕಥೆಯ ಎಳೆಯನ್ನು ಕೊಡುತ್ತದೆ. ಈ ಮೂರನ್ನೂ ಕೂಡಿಸಲು ಸಾಹಿತಿಗೆ ನೆಲದ ಪರಿಚಯ ಬೇಕು. ಗಿಳಿ, ಕೋಗಿಲೆ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳುವ ಅಕ್ಕನ ವಚನವು ಈ ಕಾಡಂಚನ್ನು ಕಂಡವರಿಗೆ ಅಲಂಕಾರವೆನಿಸದು, ನಿಜವಾದ ಮೊರೆಯೆನಿಸುತ್ತದೆ. ಇಲ್ಲಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ಒಬ್ಬಂಟಿಯಾಗಿ ನಡೆಯುವುದೆಂದರೇನೆಂದು ದೂರವನ್ನು ಬಲ್ಲವರೇ ಅರಿಯಬಲ್ಲರು. ಅಕ್ಕನ ವೈರಾಗ್ಯದ ಬೆಲೆ ಆಗ ನಮಗೆ ತಿಳಿಯುತ್ತದೆ.

ಇಂತಹ ನೆಲ ನಾಡಿನ ಅನೇಕ ಕಡೆಗಳಲ್ಲಿದೆ. ನಮ್ಮ ಊರುಗಳ ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ, ಕೆರೆಯ ಏರಿಯ ಮೇಲೆ ಶಾಸನಗಳಿವೆ. ಗುಡಿಯ ಜೀರ್ಣೋದ್ಧಾರದಲ್ಲಿ ಅವುಗಳಿಗೆ ಬಣ್ಣ ಬಳಿಯುವುದು, ಕಟ್ಟಡದ ತಳಪಾಯಕ್ಕೆ ಹಾಕುವುದು ಭಕ್ತಿಯಾಗಲಾರದು. ಅಕ್ಷರವಿರುವ ಕಲ್ಲು ಕಂಡೊಡನೆ ಪುರಾತತ್ತ್ವ ಇಲಾಖೆಗೆ ತಿಳಿಸೋಣ. ಮಕ್ಕಳನ್ನು ಉಡುತಡಿ, ಬಳ್ಳಿಗಾವೆಗಳಿಗೆ ಕರೆದೊಯ್ದು, ಅಲ್ಲಿಯೇ ಕುಳಿತು ವಚನಗಳನ್ನು ಓದಿಸೋಣ. ಕಲ್ಲು ಅಳಿದರೆ ಮುಂದೆ ಬರೆಯಬೇಕಾದವರ ಆಧಾರವೇ ಅಳಿಯುತ್ತದೆ. ಅದನ್ನು ಉಳಿಸಿಕೊಡುವುದು ಮುಂದಿನ ಪೀಳಿಗೆಗೆ ನಾವು ಸಲ್ಲಿಸಬೇಕಾದ ದಾಸೋಹ.