ನಿರೀಕ್ಷೆಯ ಹೊರೆ, ಭರವಸೆಯ ಊರುಗೋಲು

ಜುಫೈರ್ (ಬಹರೈನ್): ಡಿಸೆಂಬರ್ ಬಂತೆಂದರೆ ಊರಿನಿಂದ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: ‘ಕ್ರಿಸ್ಮಸ್‌ಗೆ ಬರ್ತೀಯಾ?’ ಜುಫೈರ್‌ನ ಹೋಟೆಲು, ಅಂಗಡಿ, ಕ್ಲಿನಿಕ್, ಕಚೇರಿಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಉತ್ತರವೂ ಒಂದೇ: ‘ಈ ಸಲ ರಜೆ ಇಲ್ಲಮ್ಮ, ಮುಂದಿನ ವರ್ಷ ನೋಡುವ.’

ಡಿಸೆಂಬರ್ 25 ಇಲ್ಲಿ ಸರಕಾರಿ ರಜೆಯಲ್ಲ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. 2025ರಲ್ಲಿ ಹಬ್ಬ ಗುರುವಾರ ಬಂದಿತ್ತು. 24ರ ರಾತ್ರಿ ಬಲಿಪೂಜೆ ಮುಗಿಸಿ, ನಾಲ್ಕೈದು ಗಂಟೆ ನಿದ್ದೆ ಮಾಡಿ, ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಹೋಗುವವರೇ ಜಾಸ್ತಿ. ಹೋಟೆಲಿನವರಿಗಂತೂ ಹಬ್ಬದ ದಿನವೇ ಕೆಲಸ ಹೆಚ್ಚು. ಆದರೂ ಈ ಮಕ್ಕಳು ನಗುನಗುತ್ತಾ ನಕ್ಷತ್ರ ತೂಗುಹಾಕುತ್ತಾರೆ, ಪುಟ್ಟ ಗೋದಲಿ ಕಟ್ಟುತ್ತಾರೆ, ರೂಮಿನ ಒಂದೇ ಒಲೆಯಲ್ಲಿ ಸರದಿ ಪ್ರಕಾರ ನೆವ್ರಿ, ಕಿಡಿಯೊ ಕರಿದು ಕುಸ್ವಾರ್ ಹಂಚುತ್ತಾರೆ. ಮನೆಯಿಂದ ಇಷ್ಟು ದೂರದಲ್ಲಿ, ಇಷ್ಟು ಒತ್ತಡದ ನಡುವೆ ಇವರನ್ನು ಹಿಡಿದು ನಿಲ್ಲಿಸಿರುವುದು ಏನು? ಊರಿನಲ್ಲಿರುವ ತಂದೆ ತಾಯಿಯರು ಇದನ್ನು ತಿಳಿದರೆ ಒಳ್ಳೆಯದು ಎಂದು ಈ ಲೇಖನ.

ಎರಡು ಪದ, ಎರಡು ಲೆಕ್ಕ

ನನ್ನದು ಲೆಕ್ಕಪತ್ರದ ವೃತ್ತಿ. ಜಮೆ, ಖರ್ಚು, ಬಾಕಿ ನೋಡುವುದೇ ನಿತ್ಯದ ಕೆಲಸ. ಇಲ್ಲಿನ ಯುವಕರು ಸಾಲ, ಉಳಿತಾಯದ ವಿಷಯ ಕೇಳಲು ಆಗಾಗ ಬರುತ್ತಾರೆ. ಕಾಗದದ ಮೇಲೆ ಅವರ ತಿಂಗಳನ್ನು ಬರೆದರೆ ಚಿತ್ರ ಹೆಚ್ಚುಕಡಿಮೆ ಒಂದೇ. ಇಷ್ಟು ದಿನಾರ್ ಸಂಬಳ, ಬೆಡ್ ಸ್ಪೇಸ್ ಬಾಡಿಗೆ, ಊಟ, ಫೋನು. ಉಳಿದದ್ದು ಊರಿಗೆ. ಅಲ್ಲಿ ಮನೆ ಸಾಲದ ಕಂತು, ತಂಗಿಯ ಮದುವೆ, ತಮ್ಮನ ಕಾಲೇಜು ಫೀಸು, ಅಪ್ಪನ ಮಾತ್ರೆ. ದಿನಾರಿನ ದರ ಏರಿದ ದಿನ ಹಣ ಕಳಿಸುವ ಎಕ್ಸ್‌ಚೇಂಜ್‌ಗಳ ಮುಂದೆ ಸಾಲು ಉದ್ದವಾಗುವುದು ಇದಕ್ಕೇ.

ಇದೆಲ್ಲ ನಿರೀಕ್ಷೆ. ತಪ್ಪೇನಲ್ಲ, ನಿರೀಕ್ಷೆ ಇಲ್ಲದ ಮನೆ ಎಲ್ಲಿದೆ? ಆದರೆ ನಿರೀಕ್ಷೆಗೆ ಒಂದು ಗುಣವಿದೆ. ಅದು ತೀರದಿದ್ದಾಗ ಮನುಷ್ಯ ಮುಖ ಮುಚ್ಚಿಕೊಳ್ಳುತ್ತಾನೆ. ಸಂಬಳ ತಡವಾದರೆ ಹೇಳುವುದಿಲ್ಲ, ಕೆಲಸ ಹೋದರೆ ಹೇಳುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ನಗುವ ಮುಖ ಮಾತ್ರ ತೋರಿಸುತ್ತಾನೆ. ಭರವಸೆ ಹಾಗಲ್ಲ. ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕಾಚಾರವೂ ಅದಲ್ಲ. ಸರಿಹೋಗದಿದ್ದರೂ ನನ್ನನ್ನು ಕೈಬಿಡದವನೊಬ್ಬ ಇದ್ದಾನೆ ಎಂಬ ಧೈರ್ಯ ಅದು. ಕಥೋಲಿಕ ಬೋಧನೆಯಲ್ಲಿ ವಿಶ್ವಾಸ ಮತ್ತು ಪ್ರೀತಿಯ ಜೊತೆ ಭರವಸೆಯೂ ದೇವರು ಕೊಡುವ ಮೂರು ಮೂಲ ಗುಣಗಳಲ್ಲಿ ಒಂದು. ನಿರೀಕ್ಷೆಯ ಹೊರೆ ಹೊತ್ತವನಿಗೆ ಊರುಗೋಲು ಇದೇ.

ಶುಕ್ರವಾರದ ಚರ್ಚ್

ಜುಫೈರ್ ರಾಜಧಾನಿ ಮನಾಮಾದ ಒಂದು ಬಡಾವಣೆ. ಒಂದು ಕಡೆ ದೇಶದ ಅತಿ ದೊಡ್ಡ ಮಸೀದಿಯಾದ ಅಲ್ ಫತೇಹ್, ಇನ್ನೊಂದು ಕಡೆ ಅಮೆರಿಕದ ನೌಕಾನೆಲೆ, ನಡುವೆ ಎತ್ತರದ ಫ್ಲಾಟುಗಳು, ಹೋಟೆಲುಗಳು, ರಾತ್ರಿಯಿಡೀ ಬೆಳಗುವ ತಿಂಡಿ ಅಂಗಡಿಗಳ ಬೀದಿ. ಇಪ್ಪತ್ತರ ಹರೆಯದಲ್ಲಿ ಮೊದಲ ಬಾರಿಗೆ ಸಂಬಳ ಕೈಗೆ ಬಂದವರಿಗೆ ಇಲ್ಲಿ ಆಕರ್ಷಣೆಗೆ ಕೊರತೆಯಿಲ್ಲ. ಬಾರ್ ಇದೆ, ಸುಲಭದ ಸಾಲ ಇದೆ, ಮೊಬೈಲಿನಲ್ಲಿ ಬೆಟ್ಟಿಂಗ್ ಇದೆ. ಅದಕ್ಕಿಂತ ಕಠಿಣವಾದದ್ದು ಒಂಟಿತನ.

ಇಲ್ಲಿಂದ ಹೊರಟ ನಮ್ಮ ಯುವಜನರು ಶುಕ್ರವಾರ ಸೇರುವುದು ಮನಾಮಾದ ಸೇಕ್ರೆಡ್ ಹಾರ್ಟ್ ಚರ್ಚ್‌ನಲ್ಲಿ. ಭಾನುವಾರ ಕೆಲಸದ ದಿನವಾದ್ದರಿಂದ ಜನಜಂಗುಳಿ ಶುಕ್ರವಾರವೇ. ಈ ಚರ್ಚ್‌ನ ಹಿನ್ನೆಲೆ ಊರಿನವರಿಗೂ ತಿಳಿದಿರಲಿ. 1932ರಲ್ಲಿ ಬಹರೈನ್‌ನಲ್ಲಿ ತೈಲ ಸಿಕ್ಕಿತು, ದುಡಿಯಲು ಹೊರನಾಡಿನ ಜನ ಬಂದರು. ಅಂದಿನ ಅರಸ ಶೇಖ್ ಹಮದ್ ಬಿನ್ ಈಸಾ ಅಲ್ ಖಲೀಫಾ ಜಾಗ ಕೊಟ್ಟರು. 1939ರ ಕ್ರಿಸ್ಮಸ್‌ಗೆ ಇಲ್ಲಿ ಮೊದಲ ಬಲಿಪೂಜೆ ನಡೆಯಿತು. ಆಧುನಿಕ ಕಾಲದಲ್ಲಿ ಕೊಲ್ಲಿ ನಾಡಿನಲ್ಲಿ ಎದ್ದ ಮೊದಲ ಕಥೋಲಿಕ ಚರ್ಚ್ ಇದು.

ಮುಂದೆ ಆ ಅರಸರ ಮರಿಮಗ, ಅದೇ ಹೆಸರಿನ ಇಂದಿನ ದೊರೆ ಹಮದ್ ಬಿನ್ ಈಸಾ, ಅವಾಲಿಯಲ್ಲಿ 9,000 ಚದರ ಮೀಟರ್ ಭೂಮಿಯನ್ನು ದಾನ ಕೊಟ್ಟರು. ಅಲ್ಲಿ ಅರೇಬಿಯಾ ಮಾತೆಯ ಹೆಸರಿನ ಪ್ರಧಾನಾಲಯ 2021ರ ಡಿಸೆಂಬರ್ 10ರಂದು ಪವಿತ್ರೀಕರಣಗೊಂಡಿತು. ಅಲ್ಲಿ 2,300 ಮಂದಿ ಕುಳಿತು ಪ್ರಾರ್ಥಿಸಬಹುದು. ಮಕ್ಕಳು ಪರದೇಶದಲ್ಲಿ ಕದ್ದುಮುಚ್ಚಿ ಪ್ರಾರ್ಥಿಸಬೇಕೇನೋ ಎಂದು ಚಿಂತಿಸುವ ಹಿರಿಯರು ನಿಶ್ಚಿಂತೆಯಿಂದಿರಬಹುದು.

ಮನಾಮಾದಲ್ಲಿ ಇಂಗ್ಲಿಷ್, ಅರಬ್ಬಿ, ಮಲಯಾಳಂ, ತಮಿಳು, ಟಗಾಲೋಗ್ ಬಲಿಪೂಜೆಗಳ ನಡುವೆ ನಮ್ಮ ಕೊಂಕಣಿಗೂ ಜಾಗವಿದೆ. ಕೊಂಕಣಿ ಹಾಡು ಕಿವಿಗೆ ಬಿದ್ದ ಕ್ಷಣ ಕಣ್ಣು ಒರೆಸಿಕೊಳ್ಳುವ ದೊಡ್ಡ ಹುಡುಗರನ್ನು ನಾನು ಕಂಡಿದ್ದೇನೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಆಡುವ ಅರ್ಧ ಗಂಟೆಯ ಮಾತು ಕೂಡ ಪ್ರಾರ್ಥನೆಯಷ್ಟೇ ಮುಖ್ಯ. ಯಾರಿಗೆ ಜ್ವರ, ಯಾರ ವೀಸಾ ಮುಗಿಯುತ್ತಿದೆ, ಯಾರು ಎರಡು ವಾರದಿಂದ ಕಾಣಿಸಿಲ್ಲ ಎಂಬುದೆಲ್ಲ ಗೊತ್ತಾಗುವುದು ಅಲ್ಲೇ.

ಹೇಳಿಕೊಂಡ ಮೇಲೆ ಹಗುರ

ಒಬ್ಬ ಯುವಕನ ವಿಷಯ ಹೇಳುತ್ತೇನೆ. ಹೆಸರು ಬೇಡ. ದಕ್ಷಿಣ ಕನ್ನಡದವನು, ವಯಸ್ಸು ಇಪ್ಪತ್ತಾರು ದಾಟಿಲ್ಲ. ಅವನು ದುಡಿಯುತ್ತಿದ್ದ ಕಂಪೆನಿಯಲ್ಲಿ ಮೂರು ತಿಂಗಳು ಸಂಬಳ ಆಗಲಿಲ್ಲ. ಊರಿಗೆ ಹೇಳಲಿಲ್ಲ. ಗೆಳೆಯರಿಂದ ಸಾಲ ತೆಗೆದು ಮನೆಗೆ ಹಣ ಕಳಿಸಿದ. ಬಸ್ಸಿನ ಹಣ ಉಳಿಸಲು ಜುಫೈರ್‌ನಿಂದ ಚರ್ಚ್‌ಗೆ ನಡೆದೇ ಬರುತ್ತಿದ್ದ. ಗಾಯನ ತಂಡದಲ್ಲಿದ್ದವನು ಅಭ್ಯಾಸ ಮುಗಿದೊಡನೆ ಚಹಾಕ್ಕೂ ನಿಲ್ಲದೆ ಹೊರಡತೊಡಗಿದಾಗ ತಂಡದ ಹಿರಿಯಕ್ಕ ಒಬ್ಬರು ಗಮನಿಸಿ ಪಕ್ಕಕ್ಕೆ ಕರೆದು ಕೇಳಿದರು. ಮೊದಲು ‘ಏನಿಲ್ಲಕ್ಕ’ ಎಂದ. ಮುಂದಿನ ವಾರ ಪಾಪನಿವೇದನೆಗೆ ಹೋದವನು ಹೊರಬಂದ ಮೇಲೆ ತಾನೇ ಅವರನ್ನು ಹುಡುಕಿ ಎಲ್ಲ ಹೇಳಿದ.

ಪವಾಡವೇನೂ ಆಗಲಿಲ್ಲ. ನಾಲ್ಕು ಜನ ಸೇರಿ ಒಂದು ತಿಂಗಳ ಬಾಡಿಗೆ ಕೊಟ್ಟರು. ಒಬ್ಬರು ಜೊತೆಗೆ ಹೋಗಿ ಕಾರ್ಮಿಕ ಇಲಾಖೆಯಲ್ಲಿ ದೂರು ಕೊಡಿಸಿದರು. ಬೇರೆ ಕೆಲಸ ಸಿಗುವವರೆಗೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಆದರೆ ದೊಡ್ಡ ಬದಲಾವಣೆ ಆಗಿದ್ದು ಅವನು ತಾಯಿಗೆ ಫೋನು ಮಾಡಿದ ದಿನ. ಬೈಯುತ್ತಾರೆ ಎಂದುಕೊಂಡಿದ್ದ. ತಾಯಿ ಕೇಳಿದ್ದು ಇಷ್ಟೇ: ‘ಪುತಾ, ಊಟ ಮಾಡಿದ್ಯಾ?’ ಅಂದು ರಾತ್ರಿ ಬಹಳ ದಿನಗಳ ನಂತರ ನಿದ್ದೆ ಬಂತು ಎಂದು ಅವನೇ ನನಗೆ ಹೇಳಿದ.

ಭರವಸೆ ದಿನನಿತ್ಯದ ಬದುಕಿನಲ್ಲಿ ಕೆಲಸ ಮಾಡುವುದು ಹೀಗೆ. ಅದು ಕಷ್ಟವನ್ನು ಮಾಯ ಮಾಡುವುದಿಲ್ಲ. ಕಷ್ಟವನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕೊಡುತ್ತದೆ. ದೇವರ ಮುಂದೆ ಸತ್ಯ ಹೇಳಿ ಅಭ್ಯಾಸವಾದವನಿಗೆ ಅಮ್ಮನ ಮುಂದೆ ಹೇಳುವುದು ಸ್ವಲ್ಪ ಸುಲಭ.

ಅದೇ ರೀತಿ 2025ರ ಜೂನ್ 23ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಕತಾರ್‌ನ ಅಮೆರಿಕ ನೆಲೆಯ ಮೇಲೆ ಕ್ಷಿಪಣಿ ದಾಳಿ ನಡೆದಾಗ ಬಹರೈನ್ ಕೂಡ ಕೆಲಕಾಲ ವಾಯುಮಾರ್ಗ ಮುಚ್ಚಿತ್ತು. ನೌಕಾನೆಲೆಯ ಪಕ್ಕದಲ್ಲೇ ಇರುವ ಜುಫೈರ್‌ನಲ್ಲಿ ಆತಂಕ ಹೇಗಿತ್ತೆಂದು ಹೇಳಬೇಕಿಲ್ಲ. ಊರಿನಲ್ಲಿ ನೀವು ಟಿವಿ ಮುಂದೆ ಜಪಮಾಲೆ ಹಿಡಿದು ಕುಳಿತಿದ್ದಿರಿ, ಇಲ್ಲಿ ಫ್ಲಾಟುಗಳಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು.

ಪೋಪ್ ಹೇಳಿದ ಮೂರು ಮಾತು

2022ರ ನವೆಂಬರ್ 3ರಿಂದ 6ರವರೆಗೆ ಪೋಪ್ ಫ್ರಾನ್ಸಿಸ್ ಬಹರೈನ್‌ಗೆ ಬಂದಿದ್ದರು. ಪೋಪ್ ಒಬ್ಬರು ಈ ದೇಶಕ್ಕೆ ಬಂದದ್ದು ಅದೇ ಮೊದಲು. ನವೆಂಬರ್ 5ರ ಬೆಳಿಗ್ಗೆ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಸುಮಾರು 30 ಸಾವಿರ ಜನ ಬಲಿಪೂಜೆಗೆ ಸೇರಿದ್ದರು. ಸಂಜೆ ಸೇಕ್ರೆಡ್ ಹಾರ್ಟ್ ಶಾಲೆಯಲ್ಲಿ ಅವರು ಯುವಜನರನ್ನು ಭೇಟಿಯಾದರು. ಬೇರೆ ಬೇರೆ ಧರ್ಮದ ಯುವಕರೂ ಅಲ್ಲಿದ್ದರು. ಅವರ ಮುಂದೆ ಪೋಪ್ ಮೂರು ವಿಷಯ ಇಟ್ಟರು: ಒಬ್ಬರನ್ನೊಬ್ಬರು ಆರೈಕೆ ಮಾಡುವ ಸಂಸ್ಕೃತಿ ಬೆಳೆಸಿಕೊಳ್ಳಿ, ಸೋದರತೆ ಬಿತ್ತಿ, ಬದುಕಿನಲ್ಲಿ ಆಯ್ಕೆ ಮಾಡಲು ಹೆದರಬೇಡಿ. ಇಂಟರ್‌ನೆಟ್ಟಿನ ಸಲಹೆ ಕೇಳುವ ಮೊದಲು ತಂದೆ ತಾಯಿ, ಶಿಕ್ಷಕರು, ಅಜ್ಜ ಅಜ್ಜಿ, ಒಳ್ಳೆಯ ಆಧ್ಯಾತ್ಮಿಕ ಮಾರ್ಗದರ್ಶಿ ಇಂಥವರನ್ನು ಕೇಳಿ ಎಂಬ ಕಿವಿಮಾತನ್ನೂ ಹೇಳಿದರು.

ಅದೇ ಪೋಪ್ 2025ನ್ನು ಜುಬಿಲಿ ವರ್ಷವೆಂದು ಸಾರಿ ‘ಭರವಸೆಯ ಯಾತ್ರಿಕರು’ ಎಂಬ ಧ್ಯೇಯ ಕೊಟ್ಟರು. ಏಪ್ರಿಲ್ 21ರಂದು ಅವರು ತೀರಿಕೊಂಡರೂ ಅವರ ಉತ್ತರಾಧಿಕಾರಿ ಹದಿನಾಲ್ಕನೇ ಲಿಯೋ ಜುಬಿಲಿಯನ್ನು ಮುಂದುವರಿಸಿದರು. ಅದು 2026ರ ಜನವರಿ 6ಕ್ಕೆ ಮುಗಿಯಿತು. ಊರು ಬಿಟ್ಟು ಬಂದವರಿಗೆ ಯಾತ್ರಿಕ ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಂಥವರೇ ಸಂತರು

ಸಂತರೆಂದರೆ ಪೀಠದ ಮೇಲಿನ ಪ್ರತಿಮೆ ಎಂದು ಭಾವಿಸುವ ಯುವಕರಿಗೆ 2025ರಲ್ಲಿ ಎರಡು ಹೊಸ ಮುಖಗಳು ಸಿಕ್ಕವು. ಸೆಪ್ಟೆಂಬರ್ 7ರಂದು ಕಾರ್ಲೊ ಅಕುಟಿಸ್ ಮತ್ತು ಪಿಯೆರ್ ಜಾರ್ಜಿಯೊ ಫ್ರಸಾಟಿ ಇಬ್ಬರನ್ನೂ ಸಂತರೆಂದು ಘೋಷಿಸಲಾಯಿತು. ಕಾರ್ಲೊ 1991ರಲ್ಲಿ ಹುಟ್ಟಿದವನು, ಕಂಪ್ಯೂಟರ್ ಪ್ರೇಮಿ, ಪರಮಪ್ರಸಾದದ ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದವನು. 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಅಸಿಸ್ಸಿಯಲ್ಲಿ ಅವನ ಪಾರ್ಥಿವ ಶರೀರ ಜೀನ್ಸ್, ಶೂ ತೊಟ್ಟೇ ಇದೆ. ಫ್ರಸಾಟಿ ಟ್ಯೂರಿನ್‌ನ ಪತ್ರಿಕಾ ಮಾಲೀಕರ ಮಗ, ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಟ್ಟ ಹತ್ತುವ ಹುಚ್ಚಿನವನು. ಬಡವರ ಮನೆಗಳಿಗೆ ಸದ್ದಿಲ್ಲದೆ ಸಹಾಯ ಮುಟ್ಟಿಸುತ್ತಿದ್ದ ಅವನು 1925ರಲ್ಲಿ 24ನೇ ವಯಸ್ಸಿಗೆ ಪೋಲಿಯೊದಿಂದ ತೀರಿಕೊಂಡ.

ಕೊಲ್ಲಿಯಲ್ಲಿ ಮನೆಗೆಲಸ ಮಾಡುವ ಹೆಣ್ಣುಮಕ್ಕಳಿಗೆ ಇನ್ನೂ ಹತ್ತಿರದವಳು ಸಂತ ಜೋಸೆಫಿನ್ ಬಕಿತಾ. ಸುಡಾನ್‌ನ ಈ ಹುಡುಗಿಯನ್ನು ಬಾಲ್ಯದಲ್ಲೇ ಅಪಹರಿಸಿ ಮತ್ತೆ ಮತ್ತೆ ಮಾರಿದರು. ಒಡೆಯರ ಚಾಟಿಯೇಟು ತಿಂದು ಬೆಳೆದವಳು ಇಟಲಿಗೆ ಬಂದ ಮೇಲೆ ಎಲ್ಲ ಒಡೆಯರಿಗಿಂತ ಮೇಲಿನ, ತನ್ನನ್ನು ಪ್ರೀತಿಸುವ ಒಡೆಯನೊಬ್ಬನಿದ್ದಾನೆ ಎಂದು ತಿಳಿದಳು. ಪೋಪ್ ಹದಿನಾರನೇ ಬೆನೆಡಿಕ್ಟ್ 2007ರಲ್ಲಿ ಭರವಸೆಯ ಬಗ್ಗೆ ವಿಶ್ವಪತ್ರ ಬರೆದಾಗ ಮೊದಲ ಪುಟಗಳಲ್ಲೇ ಕೊಟ್ಟ ಉದಾಹರಣೆ ಇವಳದ್ದು. ‘ಅರ್ಬಾಬ್’ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಆಡುವ ನಮ್ಮ ಜನರಿಗೆ ಈ ಕಥೆ ಬೇಗ ನಾಟುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪ್ರಾರ್ಥನೆ ಔಷಧಿಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರನ್ನು ಕಾಣಲೇಬೇಕು. ಸಾಲದ ಸುಳಿಗೆ ಸಿಕ್ಕವರು ನೊವೆನಾದ ಜೊತೆಗೆ ಲೆಕ್ಕವನ್ನೂ ಬರೆಯಬೇಕು. ಭರವಸೆ ಇದ್ದವನಿಗೆ ಈ ಎರಡಕ್ಕೂ ಹೆಜ್ಜೆ ಇಡುವ ಬಲ ಬರುತ್ತದೆ.

ಊರಿನವರು ಏನು ಮಾಡಬಹುದು?

ಮನೆಯವರಲ್ಲಿ ನನ್ನ ವಿನಂತಿ ಮೂರೇ. ಮೊದಲನೆಯದು, ಫೋನಿನಲ್ಲಿ ಹಣದ ಮಾತಿಗೆ ಮೊದಲು ಊಟ, ನಿದ್ದೆ, ಗೆಳೆಯರ ವಿಷಯ ಕೇಳಿ. ‘ಕಷ್ಟ ಇದ್ದರೆ ಹೇಳು, ವಾಪಸ್ ಬಂದರೂ ಮನೆಯ ಬಾಗಿಲು ತೆರೆದಿದೆ’ ಎಂದು ವರ್ಷಕ್ಕೊಮ್ಮೆಯಾದರೂ ಬಾಯಿಬಿಟ್ಟು ಹೇಳಿ. ಈ ಮಾತು ಮಕ್ಕಳಿಗೆ ಗೊತ್ತಿರುತ್ತದೆ ಎಂದುಕೊಳ್ಳಬೇಡಿ.

ಎರಡನೆಯದು, ಊರಿನಲ್ಲಿ ರಾತ್ರಿ ಏಳೂವರೆಗೆ ತೇರ್ಸ್ ಶುರುವಾಗುವಾಗ ಇಲ್ಲಿ ಸಂಜೆ ಐದು ಗಂಟೆ, ಮಕ್ಕಳು ಕೆಲಸದಲ್ಲಿರುತ್ತಾರೆ. ವಾರಕ್ಕೊಂದು ದಿನ ಅವರ ರಜೆ ನೋಡಿಕೊಂಡು ವಿಡಿಯೊ ಕಾಲ್‌ನಲ್ಲಿ ಒಟ್ಟಿಗೆ ಜಪಮಾಲೆ ಮಾಡಿ. ಕೊನೆಗೆ ಬೆಸಾಂವ್ ಕೊಡುವುದನ್ನು ಮರೆಯಬೇಡಿ. ಹಿರಿಯರ ಆಶೀರ್ವಾದಕ್ಕೆ ಸಮುದ್ರ ಅಡ್ಡಿಯಲ್ಲ. ಬೇರೆ ಧರ್ಮದ ಮನೆಗಳಲ್ಲೂ ಸಂಜೆಯ ದೀಪದ ಹೊತ್ತಿಗೋ ನಮಾಜಿನ ನಂತರವೋ ಹೀಗೆಯೇ ಮಾಡಬಹುದು.

ಮೂರನೆಯದು, ಮಗ ಅಥವಾ ಮಗಳು ಚರ್ಚ್‌ನ ಗಾಯನ ತಂಡಕ್ಕೋ, ಯುವ ಸಂಘಟನೆಗೋ, ಕನ್ನಡ ಸಂಘದ ಕಾರ್ಯಕ್ರಮಕ್ಕೋ ಹೋಗುತ್ತೇನೆ ಎಂದರೆ ‘ಅದೆಲ್ಲ ಯಾಕೆ, ಓವರ್‌ಟೈಮ್ ಮಾಡು’ ಎನ್ನಬೇಡಿ. ಪರದೇಶದಲ್ಲಿ ಅವರು ಎರಡು ವಾರ ಕಾಣಿಸದಿದ್ದರೆ ‘ಎಲ್ಲಿ ಹೋದ?’ ಎಂದು ವಿಚಾರಿಸುವವರು ಆ ಜನರೇ.

2025ರಲ್ಲಿ ನವೆಂಬರ್ 30ರಿಂದ ಆಗಮನ ಕಾಲ ಆರಂಭವಾಗಿತ್ತು. ಕ್ರಿಸ್ಮಸ್‌ವರೆಗೆ ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿ ಹಚ್ಚುವುದು ವಾಡಿಕೆ. ಮೊದಲನೆಯದನ್ನು ಭರವಸೆಯ ಬತ್ತಿ ಎನ್ನುತ್ತಾರೆ. ಈ ಸಲ ಹಬ್ಬಕ್ಕೆ ಮಕ್ಕಳು ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. 24ರ ರಾತ್ರಿ ನೀವು ನಿಮ್ಮೂರಿನ ಇಗರ್ಜಿಯಲ್ಲಿ ಇರುವಿರಿ. ಎರಡೂವರೆ ಗಂಟೆಯ ನಂತರ ಅದೇ ಹೊತ್ತಿಗೆ ಅವರು ಇಲ್ಲಿನ ಚರ್ಚ್‌ನಲ್ಲಿ ಇರುತ್ತಾರೆ. ಪೂಜೆ ಮುಗಿದೊಡನೆ ಫೋನು ಬರುತ್ತದೆ, ಮಲಗದೆ ಕಾಯುತ್ತಿರಿ.