ಆರು ಸಾಲಿನ ಎರಡು ನಡೆ

ಪ್ರಶ್ನೆ: ಭಾಮಿನಿ, ವಾರ್ಧಕ ಷಟ್ಪದಿಗಳೆರಡಕ್ಕೂ ಆರೇ ಸಾಲು. ಹತ್ತನೇ ತರಗತಿಯ ಮಗಳಿಗೆ ವ್ಯತ್ಯಾಸ ಹೇಗೆ ತಿಳಿಸಲಿ?
– ಓದುಗರು, ದೊಡ್ಡನೆಕ್ಕುಂದಿ

ಉತ್ತರ: ಮೊದಲು ಜೋರಾಗಿ ಓದಿಸಿ, ಲೆಕ್ಕ ಆಮೇಲೆ. ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಭಾಮಿನಿಯಲ್ಲಿದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಾಗಿ ಬಳುಕುತ್ತದೆ. ಲಕ್ಷ್ಮೀಶನ ‘ವೀರಲವ’ ವಾರ್ಧಕ. ಐದೈದು ಮಾತ್ರೆಗಳ ದಾಪುಗಾಲು. ಕಿವಿಗೆ ಇದು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಎಣಿಕೆ. ಹ್ರಸ್ವಕ್ಕೆ ಒಂದು ಮಾತ್ರೆ, ಅದು ಲಘು; ದೀರ್ಘಕ್ಕೆ ಎರಡು, ಅದು ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಅನುಸ್ವಾರ, ವಿಸರ್ಗವಿರುವ ಅಕ್ಷರವೂ ಗುರು. ಮಕ್ಕಳು ಎಡವುವುದು ಇಲ್ಲೇ: ಒತ್ತಕ್ಷರವನ್ನೇ ಗುರು ಎಂದು ಗುರುತು ಹಾಕಿಬಿಡುತ್ತಾರೆ. ನಿಮ್ಮ ಊರಿನ ಹೆಸರನ್ನೇ ಬರೆಸಿ. ‘ದೊ’ ಗುರು, ‘ಡ್ಡ’ ಲಘು, ‘ನೆ’ ಗುರು, ‘ಕ್ಕುಂ’ ಅನುಸ್ವಾರದಿಂದ ಗುರು, ‘ದಿ’ ಲಘು. ಒಟ್ಟು 8 ಮಾತ್ರೆ.

ಭಾಮಿನಿಯಲ್ಲಿ 1, 2, 4, 5ನೇ ಸಾಲುಗಳಿಗೆ ತಲಾ 14 ಮಾತ್ರೆ. 3 ಮತ್ತು 6ಕ್ಕೆ 23. ವಾರ್ಧಕದಲ್ಲಿ ಅದೇ 20 ಮತ್ತು 32. ಉದ್ದದ ಸಾಲುಗಳ ಕೊನೆಯಲ್ಲಿ ಒಂದು ಗುರು. ಅಲ್ಲಿ ಲಘು ಬಂದರೂ ಗುರುವೆಂದೇ ಎಣಿಸಬೇಕು.