ಒಂದೇ ಕಂಪನಿಗೆ ಎರಡು ಅರ್ಜಿ: ಹಾಕಬಹುದಾ?

ಏಳನೇ ಸೆಮಿಸ್ಟರ್ ಶುರುವಾದ ಮೇಲೆ ಹಾಸ್ಟೆಲ್‌ನಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಒಂದೇ ಕಂಪನಿಯಲ್ಲಿ ಎರಡು ಮೂರು ಹುದ್ದೆಗೆ ಅರ್ಜಿ ಹಾಕಬಹುದಾ? ಹಾಕಿದರೆ "ಇವನಿಗೆ ಏನು ಸಿಕ್ಕರೂ ನಡೀತದ" ಅಂತ ಪಕ್ಕಕ್ಕೆ ತಳ್ಳಿಬಿಡ್ತಾರಾ? ಉತ್ತರ ಚಿಕ್ಕದು: ಹಾಕಬಹುದು. ಆದರೆ ಎಲ್ಲ ಅರ್ಜಿಗಳೂ ಕೊನೆಗೆ ಒಂದೇ ಟೇಬಲ್ಲಿಗೆ ಬಂದು ಬೀಳುತ್ತವೆ ಅಂತ ತಿಳಿದುಕೊಂಡು ಹಾಕಬೇಕು.

ನಮ್ಮ ಸೇಡಂ, ಚಿತ್ತಾಪುರ, ವಾಡಿ ಕಡೆಯವರಿಗೆ ಇದು ಇನ್ನೂ ಹತ್ತಿರದ ಪ್ರಶ್ನೆ. ನೆಲದಡಿ ಸುಣ್ಣದ ಕಲ್ಲು, ಮೇಲೆ ಸಿಮೆಂಟ್ ಫ್ಯಾಕ್ಟರಿಗಳ ಸಾಲು. ಮುಧೋಳದ ಒಬ್ಬ ಮೆಕ್ಯಾನಿಕಲ್ ಹುಡುಗ ಇದ್ದಾನೆ ಅಂತ ಇಟ್ಟುಕೊಳ್ಳಿ (ಬೇಟೆನಾಯಿಯ ಮುಧೋಳ ಅಲ್ರೀ, ಸೇಡಂ ತಾಲ್ಲೂಕಿನದು). ಅವನು ವಾಡಿಯ ಎಸಿಸಿ, ಚಿತ್ತಾಪುರ ತಾಲ್ಲೂಕಿನ ಇಟಗಾದ ಓರಿಯಂಟ್, ಗಡಿ ದಾಟಿದರೆ ಸಿಗುವ ತಾಂಡೂರಿನ ಪೆನ್ನಾ, ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ಈ ಐದಕ್ಕೂ ಅರ್ಜಿ ಹಾಕಿ "ಐದು ಕಂಪನಿ ಆಯ್ತು" ಅಂತ ಲೆಕ್ಕ ಹಾಕುತ್ತಾನೆ. ಹತ್ತು ವರ್ಷದ ಹಿಂದೆ ಆ ಲೆಕ್ಕ ಸರಿ ಇತ್ತು. ಈಗ ಇಲ್ಲ. ಎಸಿಸಿ ಮತ್ತು ಅಂಬುಜಾ 2022ರ ಸೆಪ್ಟೆಂಬರ್‌ನಲ್ಲಿ ಅದಾನಿ ಗುಂಪಿನ ಪಾಲಾದವು. ಪೆನ್ನಾವನ್ನು ಅಂಬುಜಾ 2024ರ ಆಗಸ್ಟ್‌ನಲ್ಲಿ ತೆಗೆದುಕೊಂಡಿತು, ಓರಿಯಂಟ್‌ ಅನ್ನು 2025ರ ಏಪ್ರಿಲ್‌ನಲ್ಲಿ. ರಾಜಶ್ರೀ ಮೊದಲಿನಿಂದಲೂ ಬಿರ್ಲಾ ಗುಂಪಿನದು, ಈಗ ಅದೇ ಗುಂಪಿನ ಅಲ್ಟ್ರಾಟೆಕ್‌ನದು. ಕೇಸೋರಾಂ ಕೈಯಲ್ಲಿದ್ದ ವಾಸವದತ್ತಾ 2025ರ ಮಾರ್ಚ್ 1ರಿಂದ ಅದೇ ಅಲ್ಟ್ರಾಟೆಕ್ ಜೊತೆ ಸೇರಿತು. ಅಂದರೆ ಗೇಟು ಐದು, ಮಾಲೀಕರು ಇಬ್ಬರು. ಕೋಡ್ಲಾದ ಶ್ರೀ ಸಿಮೆಂಟ್ ಬೇರೆಯವರದು, ಚಿಂಚೋಳಿ ತಾಲ್ಲೂಕಿನ ಛತ್ರಸಾಲದ ಕಲಬುರಗಿ ಸಿಮೆಂಟ್ ಫ್ರಾನ್ಸಿನ ವಿಕಾ ಗುಂಪಿನದು. ಅರ್ಜಿ ಹಾಕುವ ಮುಂಚೆ ಊರಿನಲ್ಲಿ ಫ್ಯಾಕ್ಟರಿಗೆ ಕರೆಯುವ ಹೆಸರು ಬಿಟ್ಟು ಮಾಲೀಕರ ಹೆಸರು ನೋಡಿಕೊಳ್ಳಿ. ಒಂದೇ ಗುಂಪು ಅಂತಾದರೆ ನೇಮಕಾತಿ ನೋಡುವವರೂ ಒಬ್ಬರೇ ಇರಬಹುದು ಅಂತಲೇ ಎಣಿಸಿ ನಡೆಯುವುದು ಒಳ್ಳೆಯದು.

ಒಳಗೆ ಏನಾಗುತ್ತದೆ ಅಂದರೆ, ದೊಡ್ಡ ಕಂಪನಿಗಳು ಅರ್ಜಿಗಳನ್ನು ವರ್ಕ್‌ಡೇ, ಸಕ್ಸಸ್‌ಫ್ಯಾಕ್ಟರ್ಸ್ ಥರದ ಸಾಫ್ಟ್‌ವೇರ್‌ನಲ್ಲಿ ಇಡುತ್ತವೆ. ಪ್ರತಿ ಖಾಲಿ ಹುದ್ದೆಗೂ ಒಂದು ನಂಬರ್ ಇರುತ್ತದೆ, ಆದರೆ ಅಭ್ಯರ್ಥಿಗೆ ಪ್ರೊಫೈಲ್ ಒಂದೇ. ಎಚ್‌ಆರ್‌ನವರು ಆ ಪ್ರೊಫೈಲ್ ತೆರೆದರೆ ನೀವು ಯಾವ ಯಾವ ಹುದ್ದೆಗೆ, ಯಾವತ್ತು, ಯಾವ ರೆಸ್ಯೂಮ್ ಹಾಕಿದ್ದೀರಿ ಅನ್ನುವುದು ಒಟ್ಟಿಗೆ ಕಾಣುತ್ತದೆ. ಹೊಸ ಇಮೇಲ್ ಮಾಡಿಕೊಂಡು ಎರಡನೇ ಅರ್ಜಿ ಹಾಕುವ ಬುದ್ಧಿವಂತಿಕೆ ಬೇಡ. ಹೆಸರು, ಮೊಬೈಲ್, ಜನ್ಮದಿನಾಂಕ ಹೊಂದಿದರೆ ಸಿಕ್ಕಿಬೀಳುತ್ತೀರಿ, ಆಗ ಎರಡು ಅರ್ಜಿಗಿಂತ ಎರಡು ಇಮೇಲ್ ಜಾಸ್ತಿ ಅನುಮಾನ ಹುಟ್ಟಿಸುತ್ತದೆ.

ಹಾಗಾದರೆ ಎಷ್ಟು ಹಾಕಬೇಕು? ಸಂಖ್ಯೆಗಿಂತ ಹುದ್ದೆಗಳ ನಂಟು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಮೆಕ್ಯಾನಿಕಲ್‌ನವರು ಕಿಲ್ನ್ ಮೇಂಟೆನೆನ್ಸ್‌ಗೂ ಪ್ಯಾಕಿಂಗ್ ಪ್ಲಾಂಟ್ ಮೇಂಟೆನೆನ್ಸ್‌ಗೂ ಹಾಕಿದರೆ ಯಾರೂ ಹುಬ್ಬೇರಿಸುವುದಿಲ್ಲ. ಎರಡರಲ್ಲೂ ಬೇರಿಂಗು, ಗೇರ್‌ಬಾಕ್ಸು, ಕನ್ವೇಯರು. ಎಲೆಕ್ಟ್ರಿಕಲ್‌ನವರು ಪ್ಲಾಂಟ್ ಎಲೆಕ್ಟ್ರಿಕಲ್‌ಗೂ ಇನ್‌ಸ್ಟ್ರುಮೆಂಟೇಶನ್‌ಗೂ ಹಾಕುವುದೂ ಸಹಜ. ಕೆಮಿಕಲ್‌ನವರಿಗೆ ಪ್ರೊಸೆಸ್ ಮತ್ತು ಕ್ವಾಲಿಟಿ ಕಂಟ್ರೋಲ್ ಅಕ್ಕಪಕ್ಕದ ಮನೆ. ಆದರೆ ಅದೇ ಹುಡುಗ ಅದೇ ದಿನ ಮೇಂಟೆನೆನ್ಸ್, ಸೇಲ್ಸ್, ಎಚ್‌ಆರ್, ಗಣಿ, ನಾಲ್ಕಕ್ಕೂ ಒತ್ತಿದರೆ ಅವನಿಗೆ ಏನು ಬೇಕು ಅನ್ನುವುದು ಅವನಿಗೇ ಗೊತ್ತಿಲ್ಲ ಅಂತ ನೋಡುವವರಿಗೆ ಅನ್ನಿಸುತ್ತದೆ. ಕೆಲವು ಹುದ್ದೆಗಳಿಗಂತೂ ಸುಮ್ಮನೆ ಹಾಕಿ ಪ್ರಯೋಜನವೇ ಇಲ್ಲ. ಗಣಿಯಲ್ಲಿ ಫೋರ್‌ಮನ್ ಆಗಬೇಕಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪ್ರಮಾಣಪತ್ರ ಬೇಕು. ಪವರ್ ಪ್ಲಾಂಟಿನ ಬಾಯ್ಲರ್ ಹೊಣೆ ಹೊರುವ ಹುದ್ದೆಗೆ ಬಾಯ್ಲರ್ ಆಪರೇಶನ್ ಎಂಜಿನಿಯರ್ ಸರ್ಟಿಫಿಕೇಟ್ ಕೇಳುತ್ತಾರೆ. ಅದಿಲ್ಲದೆ ಹಾಕಿದ ಅರ್ಜಿ ಆ ಹುದ್ದೆಗೂ ಆಗುವುದಿಲ್ಲ, ಪಕ್ಕದ ಒಳ್ಳೆಯ ಅರ್ಜಿಯ ತೂಕವನ್ನೂ ಇಳಿಸುತ್ತದೆ.

ರೆಸ್ಯೂಮ್ ಎರಡು ಮಾಡಬಹುದು. ಮೇಂಟೆನೆನ್ಸ್‌ನದರಲ್ಲಿ ಇಂಟರ್ನ್‌ಶಿಪ್‌ನ ಗೇರ್‌ಬಾಕ್ಸ್ ಕೆಲಸ ಮೇಲಿರಲಿ, ಪ್ರಾಜೆಕ್ಟ್ಸ್ ವಿಭಾಗದ್ದರಲ್ಲಿ ಡ್ರಾಯಿಂಗ್, ಕ್ಯಾಡ್ ಮೇಲಿರಲಿ. ಆದರೆ ಅಂಕ, ತಿಂಗಳು, ಇಸವಿ ಎರಡರಲ್ಲೂ ಒಂದೇ ಇರಬೇಕು. ಒಂದರಲ್ಲಿ "ತಂಡದ ಸದಸ್ಯ", ಇನ್ನೊಂದರಲ್ಲಿ "ತಂಡದ ನಾಯಕ" ಆದರೆ ಮುಗೀತು, ಎರಡೂ ಅಕ್ಕಪಕ್ಕ ತೆರೆದಿಟ್ಟೇ ಓದುತ್ತಾರೆ.

ನಮ್ಮ ಕಡೆ ಇನ್ನೊಂದು ದಾರಿ ಇದೆ, ಪುಸ್ತಕದಲ್ಲಿ ಸಿಗುವುದಿಲ್ಲ. ಮಾಮಾ ಪ್ಲಾಂಟಿನಲ್ಲಿದ್ದಾರೆ, ಅವರ ಕೈಗೊಂದು ರೆಸ್ಯೂಮ್. ಕಾಂಟ್ರಾಕ್ಟರ್ ಸೂಪರ್‌ವೈಸರ್ ಪರಿಚಯ, ಅವರಿಗೊಂದು. ಕಲಬುರಗಿಯ ಕನ್ಸಲ್ಟೆನ್ಸಿಗೊಂದು. ಜೊತೆಗೆ ನಾವೇ ಪೋರ್ಟಲ್‌ನಲ್ಲಿ ಒಂದು. ಮಾಮಾ ಕೊಡುವುದರಲ್ಲಿ ತಪ್ಪೇನಿಲ್ಲ, ಕಂಪನಿಗಳೇ ನೌಕರರ ರೆಫರಲ್ ಕೇಳುತ್ತವೆ. ಆದರೆ ಅದೇ ಹುದ್ದೆಗೆ ಕನ್ಸಲ್ಟೆನ್ಸಿಯೂ ಹೆಸರು ಕಳಿಸಿದರೆ ನಿಮ್ಮನ್ನು ತಂದವರು ಯಾರು, ಕಮಿಷನ್ ಯಾರಿಗೆ ಅನ್ನುವ ಜಗಳ ಏಳುತ್ತದೆ. ಜಗಳ ಬಿಡಿಸುವುದಕ್ಕಿಂತ ಮುಂದಿನ ಹೆಸರು ನೋಡುವುದೇ ಅವರಿಗೆ ಸುಲಭ. ಒಂದು ಹುದ್ದೆಗೆ ಒಂದೇ ದಾರಿ ಹಿಡೀರಿ. ಯಾವ ದಿನ ಯಾರ ಮೂಲಕ ಏನು ಕಳಿಸಿದಿರಿ ಅಂತ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಡಿ. ಕಂಪನಿ ರೋಲ್ ಬೇರೆ, ಕಾಂಟ್ರಾಕ್ಟ್ ರೋಲ್ ಬೇರೆ ಅನ್ನುವುದನ್ನೂ ಕೊಡುವ ಮುಂಚೆಯೇ ಕೇಳಿಕೊಳ್ಳಿ.

ಟ್ರೈನಿ ಮತ್ತು ಅಪ್ರೆಂಟಿಸ್ ಎರಡಕ್ಕೂ ಒಂದೇ ಕಡೆ ಹಾಕುವವರು ಸ್ವಲ್ಪ ನಿಂತು ಯೋಚಿಸಿ. ಗ್ರಾಜುಯೇಟ್ ಎಂಜಿನಿಯರ್ ಟ್ರೈನಿ ಅಂದರೆ ನೌಕರಿ. ಅಪ್ರೆಂಟಿಸ್ ಅಂದರೆ 1961ರ ಕಾಯ್ದೆಯಡಿ ತರಬೇತಿ ಒಪ್ಪಂದ, ಮುಗಿದ ಮೇಲೆ ಎಲ್ಲರಿಗೂ ಕೆಲಸ ಕೊಡಲೇಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಒಮ್ಮೆ ಅಪ್ರೆಂಟಿಸ್ ಮುಗಿಸಿದವರು ಮತ್ತೆ ಅರ್ಹರಲ್ಲ ಅಂತ ಬಹಳಷ್ಟು ಪ್ರಕಟಣೆಗಳಲ್ಲಿ ಬರೆದಿರುತ್ತದೆ. ಮೊದಲು ಟ್ರೈನಿಯ ಫಲಿತಾಂಶ ನೋಡಿ, ಆಮೇಲೆ ಇದಕ್ಕೆ ಕೈಹಾಕುವುದು ವಾಸಿ.

ಐಟಿ ಕಡೆ ಹೋಗುವವರಿಗೆ ಈ ತಲೆನೋವು ಕಡಿಮೆ. ಟಿಸಿಎಸ್‌ನಲ್ಲಿ ನಿಂಜಾ, ಡಿಜಿಟಲ್, ಪ್ರೈಮ್ ಮೂರಕ್ಕೂ ಎನ್‌ಕ್ಯೂಟಿ ಪರೀಕ್ಷೆ ಒಂದೇ, ನೀವು ಯಾವುದಕ್ಕೆ ಅನ್ನುವುದನ್ನು ಅಂಕ ಹೇಳುತ್ತದೆ. ಗೂಗಲ್ 30 ದಿನಕ್ಕೆ ಮೂರು ಅರ್ಜಿ ಅಂತ ಮಿತಿ ಹಾಕಿದೆ. ರೈಲ್ವೆಯದು ಮಾತ್ರ ಕಟ್ಟುನಿಟ್ಟು. ವಾಡಿ ಜಂಕ್ಷನ್‌ನಿಂದ ಒಂದು ಗಾಡಿ ಸಿಕಂದರಾಬಾದ್‌ಗೆ, ಇನ್ನೊಂದು ಸೊಲ್ಲಾಪುರದ ಮೇಲೆ ಮುಂಬೈಗೆ ಹೋಗುತ್ತದೆ ಅಂತ ಎರಡೂ ನೇಮಕಾತಿ ಮಂಡಳಿಗೆ ಜೂನಿಯರ್ ಎಂಜಿನಿಯರ್ ಅರ್ಜಿ ಹಾಕುವಂತಿಲ್ಲ. ಒಂದು ಪ್ರಕಟಣೆಗೆ ಒಂದೇ ಮಂಡಳಿ, ಒಂದೇ ಅರ್ಜಿ, ಹುದ್ದೆಗಳ ಆದ್ಯತೆ ಅದರೊಳಗೇ. ಎರಡು ಹಾಕಿದರೆ ಎಲ್ಲವೂ ತಿರಸ್ಕೃತ, ಮುಂದಿನ ಪರೀಕ್ಷೆಗಳಿಂದ ಹೊರಗಿಡಲೂಬಹುದು.

ಇಂಟರ್‌ವ್ಯೂನಲ್ಲಿ "ನೀನು ಇನ್ನೊಂದಕ್ಕೂ ಹಾಕಿದ್ದೀಯಲ್ಲ?" ಅಂತ ಕೇಳಿಯೇ ಕೇಳುತ್ತಾರೆ. ಗಾಬರಿ ಬೇಡ. "ಹೌದು ಸರ್, ಮಳಖೇಡದಲ್ಲಿ ಕಿಲ್ನ್ ಮೇಂಟೆನೆನ್ಸ್‌ಗೂ ಹಾಕೀನಿ. ಎರಡೂ ರೊಟೇಟಿಂಗ್ ಇಕ್ವಿಪ್‌ಮೆಂಟ್ ಕೆಲಸ, ನನ್ನ ಪ್ರಾಜೆಕ್ಟೂ ಅದರ ಮೇಲೇ ಇತ್ತು. ನನ್ನ ಮೊದಲ ಆಯ್ಕೆ ಇದು" ಅಂದರೆ ಸಾಕು. ಆ ಮೊದಲ ಆಯ್ಕೆ ಯಾವುದು ಅನ್ನುವುದನ್ನು ಮಾತ್ರ ಸಬ್‌ಮಿಟ್ ಒತ್ತುವ ಹಿಂದಿನ ರಾತ್ರಿಯೇ ನಿರ್ಧರಿಸಿಕೊಂಡಿರಿ, ಏಕೆಂದರೆ ಎರಡನೇ ಇಂಟರ್‌ವ್ಯೂನಲ್ಲೂ ಇದೇ ಪ್ರಶ್ನೆ ಬರುತ್ತದೆ, ಕೇಳುವವರೂ ಅವರೇ ಇರಬಹುದು.